ಇಂಗ್ಲೆಂಡಿನ ಹಳ್ಳಿ ಸುತ್ತಿದವರು ಏನು ಕಲಿತು ಬಂದಿರಿ? ನಮ್ಮಪ್ಪ ಒಂದು ಕಲ್ಲಿನ ಗೋಡೆ ಮುಂದೆ ನಿಂತೇಬಿಟ್ಟರು

ತುಂಗೆಯ ಮಗಳು:

ಎಲ್ಲರಿಗೂ ನಮಸ್ಕಾರ. ನಾನು ಸ್ವಿಂಡನ್‌ನಲ್ಲಿ ಇರುವುದು, ಆರು ವರ್ಷ ಆಯಿತು. ಮೇ ತಿಂಗಳಲ್ಲಿ ತೀರ್ಥಹಳ್ಳಿ ಕಡೆಯಿಂದ ಅಪ್ಪ ಅಮ್ಮ ಬಂದಿದ್ದರು. ಲಂಡನ್ ತೋರಿಸಿದೆ. ಅಪ್ಪನಿಗೆ ಹಿಡಿಸಲಿಲ್ಲ. ಎರಡನೇ ದಿನಕ್ಕೇ "ಈ ದೇಶದಲ್ಲಿ ಬೇಸಾಯ ಮಾಡುವವರು ಎಲ್ಲಿದ್ದಾರೆ, ಅಲ್ಲಿಗೆ ಕರೆದುಕೊಂಡು ಹೋಗು" ಅಂದರು. ಹಾಗಾಗಿ ಒಂದು ಶನಿವಾರ ಭಾನುವಾರ ನಮಗೆ ಹತ್ತಿರದ ಗುಡ್ಡಗಾಡು ಸೀಮೆ ಕಾಟ್ಸ್‌ವೋಲ್ಡ್‌ನ ಹಳ್ಳಿಗಳನ್ನು ಸುತ್ತಿದೆವು. ಬೈಬರಿ, ಕಾಸಲ್ ಕೂಂಬ್, ಆಮೇಲೆ ಲೋಯರ್ ಸ್ಲಾಟರ್, ಅಪ್ಪರ್ ಸ್ಲಾಟರ್. (ಹೆಸರು ಕೇಳಿ ಅಮ್ಮ ಹೆದರಿದ್ದರು. ಸ್ಲಾಟರ್ ಅಂದರೆ ಈಗಿನ ಇಂಗ್ಲಿಷಿನಲ್ಲಿ ಕಡಿದು ಕೊಲ್ಲುವುದು, ಆದರೆ ಅದಕ್ಕೂ ಈ ಹೆಸರಿಗೂ ಸಂಬಂಧ ಇಲ್ಲ, ಹಳೇ ಇಂಗ್ಲಿಷಿನಲ್ಲಿ ಕೆಸರು ಜಾಗ ಅಂತ ಅರ್ಥ.)

ಬೈಬರಿಯಲ್ಲಿ ಎಲ್ಲರೂ ಫೋಟೋ ತೆಗೆಯುವ ಸಾಲುಮನೆ ಇದೆಯಲ್ಲ, ಆರ್ಲಿಂಗ್ಟನ್ ರೋ, ಅದು ಸುಮಾರು 1380ರಲ್ಲಿ ಉಣ್ಣೆ ಇಡುವ ಉಗ್ರಾಣವಾಗಿ ಕಟ್ಟಿದ್ದು. 17ನೇ ಶತಮಾನದಲ್ಲಿ ಅದನ್ನೇ ನೇಕಾರರ ಮನೆಗಳಾಗಿ ಮಾಡಿಕೊಂಡರು. ಅಮ್ಮ ಅಲ್ಲೇ ಅರ್ಧ ಗಂಟೆ ನಿಂತರು. ಅಪ್ಪ ಮಾಡು ನೋಡಿ ಒಂದೇ ಮಾತು ಹೇಳಿದರು, "ಹಂಚೂ ಕಲ್ಲಿನದೇ. ಕೆಳಗಡೆ ದೊಡ್ಡದು, ಮೇಲೆ ಹೋದ ಹಾಗೆ ಚಿಕ್ಕದು." ನಾನು ಹತ್ತು ಸಲ ಹೋಗಿದ್ದೇನೆ, ಒಂದು ಸಲವೂ ಅದನ್ನು ಗಮನಿಸಿರಲಿಲ್ಲ.

ಅಸಲು ವಿಷಯ ನಡೆದದ್ದು ಲೋಯರ್ ಸ್ಲಾಟರ್‌ನಿಂದ ಅಪ್ಪರ್ ಸ್ಲಾಟರ್‌ಗೆ ಹೋಗುವ ಕಾಲುದಾರಿಯಲ್ಲಿ. ಒಂದು ಮೈಲಿಯಷ್ಟು ದಾರಿ, ಕುರಿ ಮೇಯುವ ಹುಲ್ಲುಗಾವಲಿನ ನಡುವೆ. ಒಂದು ಕಡೆ ಗೋಡೆ ಕುಸಿದಿತ್ತು, ಒಬ್ಬರು ಅದನ್ನು ಕಟ್ಟುತ್ತಿದ್ದರು. ಅರವತ್ತು ದಾಟಿರಬೇಕು. ಸಿಮೆಂಟಿಲ್ಲ, ಗಾರೆಯಿಲ್ಲ, ಮಣ್ಣು ಸಹ ಇಲ್ಲ. ಬರೀ ಕಲ್ಲು. ಅಪ್ಪ ನಿಂತರು. ನಾನೂ ಅಮ್ಮನೂ ಮುಂದೆ ಹೋಗಿ, ಕಾದು, ವಾಪಸ್ ಬಂದೆವು, ಅಪ್ಪ ಇನ್ನೂ ಅಲ್ಲೇ ನಿಂತಿದ್ದರು. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ, ಆ ಮನುಷ್ಯನಿಗೆ ಕನ್ನಡ ಎಲ್ಲಿಂದ ಬರಬೇಕು, ಆದರೆ ಇಬ್ಬರೂ ಮಾತಾಡುತ್ತಲೇ ಇದ್ದರು.

ಹತ್ತಿರದಿಂದ ನೋಡಿದರೆ ಅದು ಒಂದು ಗೋಡೆ ಅಲ್ಲ, ಎರಡು. ಎರಡೂ ಬದಿಯಿಂದ ಮೇಲೆ ಹೋದ ಹಾಗೆ ಒಳಕ್ಕೆ ವಾಲಿಸುತ್ತಾ ಬರುತ್ತಾರೆ. ನಡುವೆ ಚಿಕ್ಕ ಚಿಕ್ಕ ಕಲ್ಲು ತುಂಬುತ್ತಾರೆ. ಸುಮ್ನೆ ಸುರಿಯುವುದಲ್ಲ, ಒಂದೊಂದನ್ನೂ ಕೈಯಿಂದ ಒತ್ತಿ ಕೂರಿಸಬೇಕು. ಅಲ್ಲಲ್ಲಿ ಒಂದು ಉದ್ದ ಕಲ್ಲು ಈ ಮುಖದಿಂದ ಆ ಮುಖಕ್ಕೆ ಅಡ್ಡ ಹಾಕಿ ಎರಡನ್ನೂ ಹಿಡಿದು ಕಟ್ಟುತ್ತಾರೆ. ಎರಡು ಕಲ್ಲು ಸೇರುವ ಸಂದಿನ ಮೇಲೆ ಯಾವಾಗಲೂ ಮೂರನೇ ಕಲ್ಲು ಬರಬೇಕು. ತುದಿಯಲ್ಲಿ ಚಪ್ಪಟೆ ಕಲ್ಲುಗಳನ್ನು ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸುತ್ತಾರೆ. ಆ ಸೀಮೆಯಲ್ಲಿ ಇಂಥ ಗೋಡೆ ಸುಮಾರು 4,000 ಮೈಲಿ ಇದೆಯಂತೆ.

ಅಪ್ಪ ಕಾರಿನಲ್ಲಿ ಹೇಳಿದ್ದು: "ಆತ ಕೈಗೆ ಎತ್ತಿಕೊಂಡ ಕಲ್ಲನ್ನು ವಾಪಸ್ ಇಡಲೇ ಇಲ್ಲ ಕಣೆ. ತಿರುಗಿಸಿ ತಿರುಗಿಸಿ ನೋಡಿ ಅದಕ್ಕೆ ಒಂದು ಜಾಗ ಹುಡುಕಿಯೇ ಹುಡುಕುತ್ತಿದ್ದ." ಆಮೇಲೆ ಓದಿದಾಗ ಗೊತ್ತಾಯಿತು, ಈ ಕಸುಬಿನವರು ಕಲಿಯುವವರಿಗೆ ಹೇಳಿಕೊಡುವ ಮಾತೇ ಇದು.

ನನಗೆ ಆ ದಿನದಿಂದ ಒಂದೇ ಯೋಚನೆ. ಈ ಹಳ್ಳಿಗಳು ಚಂದ ಅಂತ ನಾವು ಬರುತ್ತೇವೆ, ಟೀ ಕುಡಿದು ಕೇಕ್ ತಿಂದು ಹೋಗುತ್ತೇವೆ. ಆದರೆ ಯಾರೋ ಒಬ್ಬರು ಪ್ರತಿ ವರ್ಷ ಬಿದ್ದ ಕಲ್ಲು ಎತ್ತಿ ಇಡುತ್ತಿರುವುದರಿಂದ ಅದು ಹಾಗಿದೆ. ನಿಮಗೂ ಇಂಥ ಹಳ್ಳಿಗಳಿಂದ ಏನಾದರೂ ಮನಸ್ಸಿಗೆ ತಾಗಿದ್ದಿದ್ದರೆ ಬರೆಯಿರಿ. ಎಲ್ಲಿ ಒಳ್ಳೇ ಕಾಫಿ ಸಿಗುತ್ತದೆ ಅನ್ನುವುದು ಬೇಡ, ಅದಕ್ಕೆ ಬೇರೆ ಚರ್ಚೆ ಇದೆ.

ಶಿರಸಿಯಿಂದ ಶೆಫೀಲ್ಡ್:

ಓದಿ ತುಂಬಾ ಖುಷಿಯಾಯಿತು. ನಿಮ್ಮ ಅಪ್ಪನಿಗೆ ಆ ಕಾಲುದಾರಿಗಳ ಬಗ್ಗೆ ಹೇಳಿದಿರಾ? ನನಗೆ ಈ ದೇಶದಲ್ಲಿ ಎಲ್ಲಕ್ಕಿಂತ ದೊಡ್ಡದು ಅಂತ ಅನ್ನಿಸಿದ್ದು ಅದೇ. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಸುಮಾರು 1,40,000 ಮೈಲಿ ದಾರಿ, ಯಾರು ಬೇಕಾದರೂ ನಡೆಯಬಹುದು, ಅದರಲ್ಲಿ ಬಹುಪಾಲು ಯಾರದ್ದೋ ಖಾಸಗಿ ಜಮೀನಿನೊಳಗೇ ಹೋಗುತ್ತದೆ. ಹಳದಿ ಬಾಣ ಇದ್ದರೆ ನಡೆಯುವವರಿಗೆ, ನೀಲಿ ಇದ್ದರೆ ಕುದುರೆ ಸೈಕಲ್‌ಗೂ ಸಹ. ರೈತ ಹೊಲ ಉತ್ತಾಗ ದಾರಿ ಅಳಿಸಿಹೋದರೆ 14 ದಿನದೊಳಗೆ ಅವನೇ ಮತ್ತೆ ಮಾಡಿಕೊಡಬೇಕು ಅಂತ ಕಾನೂನಿದೆ. ಜೂನ್ ತಿಂಗಳಲ್ಲಿ ಗೋಧಿ ಹೊಲ ನೋಡಿ, ನಡುವೆ ಬೈತಲೆ ತೆಗೆದ ಹಾಗೆ ದಾರಿ ಇರುತ್ತದೆ. ಮೊದಲನೇ ಸಲ ಅದರಲ್ಲಿ ಕಾಲಿಡುವಾಗ ಯಾರಾದರೂ ಬೈದರೆ ಅಂತ ನಿಜವಾಗಲೂ ಭಯವಾಗಿತ್ತು. ಟ್ರ್ಯಾಕ್ಟರ್‌ನಲ್ಲಿದ್ದವನು ಕೈ ಎತ್ತಿ ನಮಸ್ಕಾರ ಹೇಳಿದ.

ಇದು ಸುಮ್ಮನೆ ಬಂದದ್ದಲ್ಲ. ನಮ್ಮ ಪಕ್ಕದ ಕಿಂಡರ್ ಸ್ಕೌಟ್ ಬೆಟ್ಟ ಪೂರ್ತಿ ಹಿಂದೆ ಸಿರಿವಂತರ ಬೇಟೆಯ ಜಾಗ, ಜನರಿಗೆ ಪ್ರವೇಶ ಇರಲಿಲ್ಲ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ನೂರಾರು ಜನ, ಜಾಸ್ತಿ ಗಿರಣಿ ಕೆಲಸದ ಹುಡುಗರು, ಬೇಕೆಂದೇ ಒಳಗೆ ನಡೆದರು. ಐದು ಜನರಿಗೆ ಜೈಲಾಯಿತು. ಆಮೇಲೆ 1949ರಲ್ಲಿ ಕಾನೂನು, 1951ರಲ್ಲಿ ಅದೇ ಸೀಮೆಯಲ್ಲಿ ದೇಶದ ಮೊದಲ ರಾಷ್ಟ್ರೀಯ ಉದ್ಯಾನ. ವಾರಕ್ಕೆ ಆರು ದಿನ ಗಿರಣಿಯ ಹೊಗೆ ಕುಡಿಯುವವನಿಗೆ ಭಾನುವಾರ ಒಂದು ಬೆಟ್ಟ ಬೇಕಿತ್ತು, ಅಷ್ಟೇ. ಆ ದಾರಿಯಲ್ಲಿ ನಡೆಯುವಾಗ ಪ್ರತಿ ಸಲ ಆ ಹುಡುಗರು ನೆನಪಾಗುತ್ತಾರೆ.

ಅಂದ ಹಾಗೆ ಗೋಡೆ ದಾಟುವ ಮೆಟ್ಟಿಲು ಇರುತ್ತವಲ್ಲ, ನಮ್ಮ ಕಡೆ ದಣಪೆ ಅನ್ನುವುದೂ ಅದೇ ಕೆಲಸಕ್ಕೆ. ನಿಮ್ಮಲ್ಲಿ ಏನನ್ನುತ್ತೀರಿ?

ತುಂಗೆಯ ಮಗಳು:

ಅಯ್ಯೋ, ಅಪ್ಪ ಅದನ್ನು ನೋಡಿದ ಕೂಡಲೇ "ಇಲ್ಲೂ ತಡಬೆ ಇದೆ ನೋಡು!" ಅಂತ ಕೂಗಿದರು. ನಮ್ಮ ಕಡೆ ತಡಬೆ. ಗಳು ಸರಿಸಿ ದಾಟುವುದಾದರೆ ಉಣುಗೋಲು.

ಕುಂದಾಪುರದ ಗಾಳಿ:

ದಕ್ಷಿಣ ಕನ್ನಡದ ನನ್ನ ಹೆಂಡತಿಯ ಊರಲ್ಲಿ ತಡಮೆ ಅನ್ನುತ್ತಾರೆ. ಈಗ ಎಲ್ಲ ಕಡೆ ಕಬ್ಬಿಣದ ಗೇಟು, ಅದಕ್ಕೊಂದು ಬೀಗ. ಮಕ್ಕಳಿಗೆ ಆ ಪದವೂ ಗೊತ್ತಿಲ್ಲ, ಆ ದಾರಿಯೂ ಗೊತ್ತಿಲ್ಲ.

ದುರ್ಗದ ಕಲ್ಲು:

ಎಲ್ಲ ಓದಿದೆ, ಚೆನ್ನಾಗಿದೆ. ಆದರೆ ಇನ್ನೊಂದು ಮುಖವನ್ನೂ ಹೇಳಲೇಬೇಕು, ತಪ್ಪು ತಿಳಿಯಬೇಡಿ. ನಾನು ಗ್ಲಾಸ್ಟರ್‌ಷೈರ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ.

ಮೊದಲನೆಯದು ಆ ಗೋಡೆ. ಕಾಟ್ಸ್‌ವೋಲ್ಡ್ ಗೋಡೆಗಳಲ್ಲಿ ಬಹಳಷ್ಟು 18 ಮತ್ತು 19ನೇ ಶತಮಾನದ್ದು. ಆಗ ಪಾರ್ಲಿಮೆಂಟಿನ ಕಾಯ್ದೆ ಮಾಡಿ ಊರಿಗೆಲ್ಲ ಸೇರಿದ ಬಯಲನ್ನು ಹಂಚಿ ಬೇಲಿ ಹಾಕಿದರು. ನಮ್ಮ ಗೋಮಾಳ ಇದ್ದಕ್ಕಿದ್ದ ಹಾಗೆ ಒಬ್ಬರ ಹೆಸರಿಗೆ ಆದರೆ ಹೇಗಿರುತ್ತದೆ ಯೋಚಿಸಿ. ಒಂದು ಹಸು, ನಾಲ್ಕು ಬಾತುಕೋಳಿ ಮೇಯಿಸಿಕೊಂಡಿದ್ದ ಬಡವ ಆ ಗೋಡೆಯ ಆಚೆ ಉಳಿದ. ಎಷ್ಟೋ ಜನ ಕೂಲಿಗೆ ಹೋದರು, ಪಟ್ಟಣದ ಗಿರಣಿ ಸೇರಿದರು.

ಎರಡನೆಯದು, ಈ ಹಳ್ಳಿಗಳು ಹಳೇದಾಗಿಯೇ ಉಳಿದದ್ದು ಬಡತನದಿಂದ. ಒಂದು ಕಾಲಕ್ಕೆ ಇಲ್ಲಿಯ ಕುರಿ ಉಣ್ಣೆಯಿಂದ ದುಡ್ಡು ಹರಿಯುತ್ತಿತ್ತು, ಚಿಪ್ಪಿಂಗ್ ಕ್ಯಾಂಪ್‌ಡೆನ್‌ನ ದೊಡ್ಡ ಚರ್ಚು ಕಟ್ಟಿದ್ದು ಆ ದುಡ್ಡಿನಲ್ಲೇ. ಯಂತ್ರ ಬಂದಾಗ ಬಟ್ಟೆ ಕೆಲಸ ಯಾರ್ಕ್‌ಷೈರ್ ಕಡೆ ಹೋಯಿತು. ಇಲ್ಲಿಯವರ ಹತ್ತಿರ ಹಳೇ ಮನೆ ಕೆಡವಿ ಹೊಸದು ಕಟ್ಟಲು ಕಾಸಿರಲಿಲ್ಲ. ನಾವು ಇಂದು ಫೋಟೋ ತೆಗೆಯುವ ಮನೆಯಲ್ಲಿ ಒಂದು ಕಾಲಕ್ಕೆ ಹೊಟ್ಟೆಗಿಲ್ಲದ ನೇಕಾರರು ಇದ್ದರು.

ಮೂರನೆಯದು ಈಗಿನದು. ಮನೆ ಬೆಲೆ ಹೇಗಿದೆ ಅಂದರೆ ಅಲ್ಲೇ ಹುಟ್ಟಿದ ಹುಡುಗ ಹುಡುಗಿ ಅಲ್ಲೇ ಮನೆ ಮಾಡುವುದು ಕನಸು. ನಮ್ಮ ಬೀದಿಯಲ್ಲಿ ಚಳಿಗಾಲದ ವಾರದ ದಿನ ಸಂಜೆ ನಡೆದರೆ ದೀಪ ಇಲ್ಲದ ಮನೆಗಳೇ ಜಾಸ್ತಿ, ಶುಕ್ರವಾರ ರಾತ್ರಿ ಕಾರು ಬರುತ್ತವೆ. ಬಸ್ ದಿನಕ್ಕೆ ಎರಡು.

ಇನ್ನೊಂದು. ಮೋರ್ಟನ್ ಇನ್ ಮಾರ್ಶ್ ಹತ್ತಿರ ಸೆಜಿನ್‌ಕೋಟ್ ಅಂತ ಒಂದು ಬಂಗಲೆ ಇದೆ, ಸುಮಾರು 1805ರದು. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಇದ್ದ ಕುಟುಂಬದವರು ಮೊಘಲ್ ಶೈಲಿಯಲ್ಲಿ ಕಟ್ಟಿಸಿದ್ದು, ಮೇಲೆ ಹಸಿರು ತಾಮ್ರದ ಗುಮ್ಮಟ. ತೋಟದ ಸೇತುವೆಯ ಮೇಲೆ ನಂದಿಗಳು ಕೂತಿವೆ. ಇಂಗ್ಲೆಂಡಿನ ಜಿಟಿಜಿಟಿ ಮಳೆಯಲ್ಲಿ ಆ ನಂದಿ ನೋಡಿ ನನಗೆ ಗಂಟಲು ಕಟ್ಟಿತು. ಈ ಚಂದದ ಸೀಮೆಗೆ ನಮ್ಮ ದೇಶದ ದುಡ್ಡೂ ಹರಿದು ಬಂದಿದೆ ಅನ್ನುವುದನ್ನು ಮರೆಯಬಾರದು, ಅಲ್ವಾ?

ತುಂಗೆಯ ಮಗಳು:

@ದುರ್ಗದ ಕಲ್ಲು, ಇದನ್ನು ಬರೆದದ್ದು ಒಳ್ಳೆಯದಾಯಿತು, ಬೇಜಾರೇನಿಲ್ಲ. ಗೋಮಾಳದ ಮಾತು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹಾಗಾದರೆ ಆ ಗೋಡೆ ಮೊದಲು ಕಟ್ಟಿದವನು ಅದರಾಚೆ ಉಳಿದವನೇ ಇರಬೇಕು, ಕೂಲಿಗೆ" ಅಂದರು. ನನಗೆ ಅದು ಹೊಳೆದಿರಲಿಲ್ಲ.

ಆದರೂ ಒಂದು ಹೇಳುತ್ತೇನೆ. ಬಡತನದಿಂದ ಉಳಿದದ್ದು ಸರಿ, ಆದರೆ ಆಮೇಲೆ ದುಡ್ಡು ಬಂದಾಗ ಕೆಡವದೆ ಇದ್ದದ್ದು ಯಾರೋ ಮನಸ್ಸು ಮಾಡಿ ಮಾಡಿದ ಕೆಲಸ. ನಮ್ಮೂರಲ್ಲಿ ದುಡ್ಡು ಬಂದ ಕೂಡಲೇ ಮೊದಲು ಹೋದದ್ದು ಚೌಕಿ ಮನೆ.

ನಿವೃತ್ತ ಮೇಷ್ಟ್ರು:

ಈ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಮಗಳ ಮನೆಗೆ ಆಕ್ಸ್‌ಫರ್ಡ್‌ಗೆ ಎರಡು ಸಲ ಬಂದಿದ್ದೆ. ಬರ್ಫರ್ಡ್ ಅನ್ನುವ ಊರಿನ ಚರ್ಚು ನೋಡಿದೆವು. 1876ರಲ್ಲಿ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಆ ಕಡೆ ಬಂದಾಗ ಅದರ ಜೀರ್ಣೋದ್ಧಾರ ನಡೆಯುತ್ತಿತ್ತು, ಹಳೆಯದನ್ನೆಲ್ಲ ಕೆರೆದು ಹೊಸದು ಮಾಡುತ್ತಿದ್ದರು. ಅವರಿಗೆ ಅದು ಸಹಿಸಲಿಲ್ಲ. ಬೈಬರಿಯನ್ನು ಇಂಗ್ಲೆಂಡಿನ ಅತಿ ಚಂದದ ಹಳ್ಳಿ ಅಂದದ್ದೂ ಇವರೇ. ಮರುವರ್ಷ 1877ರಲ್ಲಿ ಹಳೇ ಕಟ್ಟಡಗಳನ್ನು ಉಳಿಸಲು ಒಂದು ಸಂಘ ಕಟ್ಟಿದರು, ಅದು ಈಗಲೂ ಇದೆ. ಅವರ ಪ್ರಣಾಳಿಕೆಯಲ್ಲಿ ಒಂದು ಮಾತಿದೆ: ದಿನದಿನದ ಆರೈಕೆಯಿಂದ ಹಾಳಾಗುವುದನ್ನು ತಡೆಯಿರಿ, ವಾಲಿದ ಗೋಡೆಗೆ ಊರೆ ಕೊಡಿ, ಸೋರುವ ಮಾಡು ರಿಪೇರಿ ಮಾಡಿ. ಅಷ್ಟೇ ಕೇಳಿದ್ದು.

ನಮ್ಮೂರ ದೇವಸ್ಥಾನದ ಕಥೆ ಹೇಳಲೇಬೇಕು. ಹಲಸಿನ ಮರದ ಕಂಬಗಳಿದ್ದವು, ನಾನು ಹುಡುಗನಾಗಿದ್ದಾಗ ಬೇಸಿಗೆಯಲ್ಲಿ ಅದಕ್ಕೆ ಕೆನ್ನೆ ಒತ್ತಿಕೊಂಡು ಕೂರುತ್ತಿದ್ದೆ, ತಣ್ಣಗಿರುತ್ತಿತ್ತು. ಇಪ್ಪತ್ತು ವರ್ಷ ಯಾರೂ ಒಡೆದ ಹಂಚು ಬದಲಿಸಲಿಲ್ಲ. ನೀರು ಇಳಿದು ಎರಡು ಕಂಬಕ್ಕೆ ಗೆದ್ದಲು ಬಂತು. ಆಗ ಎಲ್ಲರೂ ಸೇರಿ ಚಂದಾ ಎತ್ತಿ ಪೂರ್ತಿ ಕಿತ್ತು, ಕಾಂಕ್ರೀಟ್ ಹಾಕಿ, ಟೈಲ್ಸ್ ಹಾಕಿದೆವು. ಸಭೆಯಲ್ಲಿ ನಾನೂ ಇದ್ದೆ, ಕೈ ಎತ್ತಿದ್ದೆ. ಬರ್ಫರ್ಡಿನಲ್ಲಿ ಕೂತಾಗ ನೆನಪಾದದ್ದು ಆ ಎರಡು ಕಂಬ. ನಾಲ್ಕು ಹಂಚಿನ ಖರ್ಚು ಎಷ್ಟಿರುತ್ತಿತ್ತು?

ಡೇಲ್ಸ್ ನರ್ಸಕ್ಕ:

ಮೇಷ್ಟ್ರೇ, ಕಣ್ಣಲ್ಲಿ ನೀರು ತರಿಸಿದಿರಿ.

ನಾನು ಯಾರ್ಕ್‌ಷೈರ್ ಡೇಲ್ಸ್‌ನ ಒಂದು ಚಿಕ್ಕ ಹಳ್ಳಿಯಲ್ಲಿ ಬಾಡಿಗೆಗೆ ಇದ್ದೆ, ನಾಲ್ಕು ವರ್ಷ. ಮನೆ ಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ಬಂದ ಹೊಸತರಲ್ಲಿ ಯಾರೂ ಮಾತಾಡಿಸುವುದಿಲ್ಲ ಅಂತ ಅಳುತ್ತಿದ್ದೆ. ಅಲ್ಲಿಯ ಜನರ ರೀತಿ ಹಾಗೆ, ಮುಂದೆ ಬಂದು ತಬ್ಬಿಕೊಳ್ಳುವುದಿಲ್ಲ. 2018ರ ಮಾರ್ಚ್‌ನಲ್ಲಿ ಭಾರೀ ಹಿಮ ಬಿತ್ತಲ್ಲ, ಆಗ ಬೆಳಗ್ಗೆ ಆರಕ್ಕೆ ಬಾಗಿಲು ತೆಗೆದರೆ ಪಕ್ಕದ ರೈತ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ. "ನಿನ್ನ ಅಜ್ಜಿಯಂದಿರು ಕಾಯುತ್ತಿರುತ್ತಾರೆ, ಹತ್ತು" ಅಂದ. ಆ ದಿನ ಐದು ಮನೆಗೆ ಕರೆದುಕೊಂಡು ಹೋದ. ಎರಡು ವರ್ಷದಲ್ಲಿ ಆತ ನನ್ನ ಜೊತೆ ಒಟ್ಟು ಹತ್ತು ಮಾತೂ ಆಡಿರಲಿಲ್ಲ.

ಅಲ್ಲಿ ಅಂಗಡಿ ಮುಚ್ಚುವ ಸ್ಥಿತಿ ಬಂದಾಗ ಊರವರೇ ಸೇರಿ ಷೇರು ಹಾಕಿ ನಡೆಸಲು ಶುರು ಮಾಡಿದರು, ಕೌಂಟರಿನಲ್ಲಿ ಸರದಿ ಪ್ರಕಾರ ಸಂಬಳವಿಲ್ಲದೆ ಕೂರುತ್ತಾರೆ. ಮಂಗಳವಾರ ಮಧ್ಯಾಹ್ನ ನನ್ನ ಸರದಿ ಇರುತ್ತಿತ್ತು. ಕೆಂಪು ಟೆಲಿಫೋನ್ ಡಬ್ಬಿ ಇದೆಯಲ್ಲ, ಅದರಲ್ಲಿ ಫೋನ್ ತೆಗೆದು, ಹೃದಯ ನಿಂತರೆ ಷಾಕ್ ಕೊಡುವ ಯಂತ್ರ ಇಟ್ಟಿದ್ದಾರೆ. 2008ರಿಂದ ಒಂದು ಪೌಂಡ್ ಕೊಟ್ಟರೆ ಊರಿಗೇ ಆ ಡಬ್ಬಿ ಕೊಡುವ ವ್ಯವಸ್ಥೆ ಇದೆ. ಆಸ್ಪತ್ರೆ ಬಹಳ ದೂರ, ಆಂಬುಲೆನ್ಸ್ ಬರುವವರೆಗೆ ಊರವರೇ ಗತಿ. ವರ್ಷಕ್ಕೊಮ್ಮೆ ಎಲ್ಲರಿಗೂ ಅದನ್ನು ಬಳಸುವ ತರಬೇತಿ ನಾನೇ ಕೊಡುತ್ತಿದ್ದೆ. ಎಂಬತ್ತರ ಅಜ್ಜಿಯೂ ಮಂಡಿಯೂರಿ ಎದೆ ಒತ್ತಿ ಕಲಿಯುತ್ತಿದ್ದರು.

ಹಾಗಂತ ಎಲ್ಲ ಸುಲಭ ಅಂತಲ್ಲ. ಒಂಟಿತನ ತುಂಬಾ. ನಾನು ನೋಡಿಕೊಳ್ಳುತ್ತಿದ್ದ ಕೆಲವರಿಗೆ ಇಡೀ ದಿನದಲ್ಲಿ ಮಾತಿಗೆ ಸಿಗುತ್ತಿದ್ದದ್ದು ನಾನೊಬ್ಬಳೇ.

ಶಿರಸಿಯಿಂದ ಶೆಫೀಲ್ಡ್:

ನರ್ಸಕ್ಕ ಬರೆದದ್ದು ಓದಿ ಈಮ್ ನೆನಪಾಯಿತು. ಡಾರ್ಬಿಷೈರ್‌ನ ಹಳ್ಳಿ, ಇಲ್ಲಿಂದ ಅರ್ಧ ಮುಕ್ಕಾಲು ಗಂಟೆ. 1665ರಲ್ಲಿ ಲಂಡನ್‌ನಿಂದ ದರ್ಜಿಗೆ ಬಂದ ಬಟ್ಟೆಯ ಗಂಟಿನ ಜೊತೆ ಪ್ಲೇಗಿನ ಚಿಗಟ ಬಂತು ಅಂತ ಹೇಳುತ್ತಾರೆ. ಮರುವರ್ಷ ಜೂನ್‌ನಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಅವರಿಗಿಂತ ಮೊದಲು ಇದ್ದ ಥಾಮಸ್ ಸ್ಟ್ಯಾನ್ಲಿ, ಧರ್ಮದ ವಿಷಯದಲ್ಲಿ ಇಬ್ಬರಿಗೂ ಆಗುತ್ತಿರಲಿಲ್ಲ, ಆದರೂ ಸೇರಿ ಊರವರನ್ನು ಒಪ್ಪಿಸಿದರು: ಯಾರೂ ಹೊರಗೆ ಹೋಗುವುದಿಲ್ಲ, ರೋಗ ಸುತ್ತಲ ಹಳ್ಳಿಗೆ ಹರಡಬಾರದು. ಊರ ಗಡಿಯ ಕಲ್ಲಿನಲ್ಲಿ ಗುಳಿಗಳಿವೆ. ಅದರಲ್ಲಿ ವಿನೆಗರ್ ಹಾಕಿ ನಾಣ್ಯ ಇಡುತ್ತಿದ್ದರು, ಆಚೆ ಊರಿನವರು ಊಟದ ಸಾಮಾನು ಇಟ್ಟು ನಾಣ್ಯ ತೆಗೆದುಕೊಳ್ಳುತ್ತಿದ್ದರು. ಸತ್ತವರು 260 ಜನ ಅಂತ ಲೆಕ್ಕ. ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ಎಂಟು ದಿನದಲ್ಲಿ ಗಂಡ ಮತ್ತು ಆರು ಮಕ್ಕಳನ್ನು ತಾನೇ ಹೂಳಿದಳು. ಗುಡ್ಡದ ಮೇಲೆ ಒಂದು ಸುತ್ತುಗೋಡೆ, ಒಳಗೆ ಆ ಸಮಾಧಿಗಳು. ಅದೂ ಸಿಮೆಂಟಿಲ್ಲದ ಗೋಡೆಯೇ.

2020ರ ಬೇಸಿಗೆಯಲ್ಲಿ ನಿರ್ಬಂಧ ಸ್ವಲ್ಪ ಸಡಿಲ ಆದಾಗ ಹೋಗಿದ್ದೆ. ನನ್ನ ತಂದೆ ಊರಲ್ಲಿ ಆಗಷ್ಟೇ ತೀರಿಕೊಂಡಿದ್ದರು, ಹೋಗಲು ವಿಮಾನ ಇರಲಿಲ್ಲ. ಗಡಿಕಲ್ಲಿನ ಗುಳಿಯಲ್ಲಿ ಬೆರಳಿಟ್ಟು ನೋಡಿದೆ. ಮಳೆನೀರು ನಿಂತಿತ್ತು. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

ನಿವೃತ್ತ ಮೇಷ್ಟ್ರು:

ದೇವರು ನಿಮ್ಮ ತಂದೆಯವರಿಗೆ ಶಾಂತಿ ಕೊಡಲಿ. ಬೆಂಗಳೂರಿಗೆ 1898ರಲ್ಲಿ ಪ್ಲೇಗ್ ಬಂದ ಮೇಲೇ ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು. ನಮ್ಮಜ್ಜಿ ಹೇಳುತ್ತಿದ್ದರು, ಇಲಿ ಬಿದ್ದರೆ ಊರೆಲ್ಲ ಗದ್ದೆಯಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರಂತೆ. ನಮ್ಮವರು ಬಿಟ್ಟು ಹೋಗಿ ಉಳಿದರು, ಅವರು ಬಿಡದೆ ಉಳಿದು ಬೇರೆಯವರನ್ನು ಉಳಿಸಿದರು.

ಕುಂದಾಪುರದ ಗಾಳಿ:

ಒಂದು ಸಣ್ಣದು ಸೇರಿಸುತ್ತೇನೆ. ತುಂಗೆಯ ಮಗಳು ಹೋದ ಅಪ್ಪರ್ ಸ್ಲಾಟರ್‌ನಿಂದ ಮೊದಲ ಮಹಾಯುದ್ಧಕ್ಕೆ ಹೋದವರೂ ಎರಡನೆಯದಕ್ಕೆ ಹೋದವರೂ ಎಲ್ಲರೂ ಜೀವಂತ ವಾಪಸ್ ಬಂದರು. ಬೇರೆ ಹಳ್ಳಿಗಳಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲು ಇದ್ದೇ ಇರುತ್ತದೆ, ನಾಲ್ಕು ಹೆಸರಿನಲ್ಲಿ ಮೂರಕ್ಕೆ ಒಂದೇ ಮನೆತನದ ಹೆಸರು ಇರುವುದನ್ನೂ ನೋಡಿದ್ದೇನೆ. ಇನ್ನು ಮುಂದೆ ಯಾವ ಹಳ್ಳಿಗೆ ಹೋದರೂ ಮೊದಲು ಆ ಕಲ್ಲು ಓದಿ, ಆಮೇಲೆ ಫೋಟೋ ತೆಗೆಯಿರಿ.

ತುಂಗೆಯ ಮಗಳು:

ಎಲ್ಲರಿಗೂ ಧನ್ಯವಾದ. ಒಂದೊಂದನ್ನೂ ಅಪ್ಪನಿಗೆ ಓದಿ ಹೇಳುತ್ತಿದ್ದೇನೆ, ಈಗ ಅವರೇ ರಾತ್ರಿ ಫೋನ್ ಮಾಡಿ "ಇವತ್ತು ಯಾರು ಬರೆದರು?" ಅಂತ ಕೇಳುತ್ತಾರೆ.

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಮ್ಮ ತೋಟದ ಮೇಲ್ಗಡೆ ಒಂದು ಕಾಲುದಾರಿ ಇತ್ತು. ಆಚೆ ಕೇರಿಯ ಮಕ್ಕಳು ಶಾಲೆಗೆ ಹೋಗುತ್ತಿದ್ದದ್ದು ಅದರಲ್ಲೇ, ನಾನೂ ಅವರ ಜೊತೆ ಹೋಗುತ್ತಿದ್ದೆ. ಹನ್ನೆರಡು ವರ್ಷದ ಹಿಂದೆ ಅಡಿಕೆ ಕಳವಾಯಿತು ಅಂತ ಅಪ್ಪ ತಡಬೆ ಕಿತ್ತು ಮುಳ್ಳುತಂತಿ ಹಾಕಿಸಿದರು. ಮಕ್ಕಳು ರಸ್ತೆ ಮೇಲೆ ಸುತ್ತಿ ಹೋಗಬೇಕು, ಮಳೆಗಾಲದಲ್ಲಿ ಲಾರಿ ಓಡಾಡುವ ರಸ್ತೆ. ಯಾರೂ ಜಗಳ ಮಾಡಲಿಲ್ಲ, ಆದರೆ ಆ ಕೇರಿಯವರು ನಮ್ಮ ಮನೆಗೆ ಬರುವುದು ನಿಂತಿತು.

ಕಾಟ್ಸ್‌ವೋಲ್ಡ್‌ನಲ್ಲಿ ಅಪ್ಪ ಗೋಡೆ ಆದಮೇಲೆ ಜಾಸ್ತಿ ಹೊತ್ತು ನೋಡಿದ್ದು ಒಂದು ಗೇಟು. ಅರ್ಧಚಂದ್ರದ ಹಾಗೆ ಬೇಲಿ, ಅದರೊಳಗೆ ತೂಗುವ ಮರದ ಬಾಗಿಲು. ಒಳಗೆ ಹೋಗಿ, ಬಾಗಿಲು ಆ ಕಡೆ ತಳ್ಳಿ, ಈ ಕಡೆಯಿಂದ ಹೊರಗೆ ಬರಬೇಕು. ಮನುಷ್ಯ ದಾಟುತ್ತಾನೆ, ದನ ದಾಟುವುದಿಲ್ಲ, ಬಾಗಿಲು ತೆರೆದೇ ಉಳಿಯುವ ಪ್ರಶ್ನೆಯೇ ಇಲ್ಲ. ಅಪ್ಪ ನಾಲ್ಕು ಸಲ ಆಚೆ ಈಚೆ ಓಡಾಡಿದರು. ಆಗ ಏನೂ ಹೇಳಲಿಲ್ಲ.

ನಿನ್ನೆ ಫೋನಿನಲ್ಲಿ ಹೇಳಿದರು, "ಆ ಗೇಟಿನ ಅಳತೆ ತೆಗೆದು ಕಳಿಸು. ಅರ್ಧಚಂದ್ರದ ಅಗಲ ಎಷ್ಟು, ಬಾಗಿಲು ಎಷ್ಟು ಉದ್ದ, ಕೀಲು ಎಲ್ಲಿದೆ, ಎಲ್ಲ ಬೇಕು. ಆಚಾರಿ ಹತ್ತಿರ ಮಾತಾಡಿ ಆಗಿದೆ. ಶಾಲೆ ಶುರುವಾಗುವ ಮೊದಲು ಆಗಬೇಕು ಅಂತಿದ್ದೆ, ಈಗ ತಡವಾಯಿತು, ಇರಲಿ." ಶನಿವಾರ ಟೇಪು ಹಿಡಿದುಕೊಂಡು ಹೋಗುತ್ತಿದ್ದೇನೆ.

ಕುಂದಾಪುರದ ಗಾಳಿ:

ಅಳತೆ ಇಲ್ಲೂ ಹಾಕಿ. ನಮ್ಮ ತೋಟಕ್ಕೂ ಒಂದು ಬೇಕು. ಮಳೆಗೆ ನಿಲ್ಲಬೇಕಾದರೆ ಕಂಬಕ್ಕೆ ಭೋಗಿ ಮರ ಹಾಕಲು ಹೇಳಿ ಅಪ್ಪನಿಗೆ.